ಸಾಕಮ್ಮ ತನ್ನ ಹೆಸರು ಮರೆತರೆ

ಹುಬ್ಬಳ್ಳಿ
ಫೆಬ್ರವರಿ 30, 2151

ಪ್ರೀತಿಯ ಸ್ಫೂರ್ತಿ ಅಜ್ಜಿಗೆ,

ನನಗೆ ಮದುವೆಯಾಯಿತು ಅಜ್ಜಿ, ನಿಜವಾಗಿಯೂ ಆಯಿತು, ಹುಡುಗ ಹುಬ್ಬಳ್ಳಿಯವನು, ಹೆಸರು ಚನ್ನವೀರ, ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಇದನ್ನು ಕಾಗದದಲ್ಲಿ ಮೊದಲು ಯಾರಿಗೆ ಹೇಳಲಿ ಎಂದು ಯೋಚಿಸಿದಾಗ ಒಂದೂಕಾಲು ಶತಮಾನದ ಆಚೆ ಅರಸೀಕೆರೆಯಲ್ಲಿ ಕೂತಿರುವ ನೀವೇ ನೆನಪಾದಿರಿ. ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಪಾಪ, ಅದೊಂದು ತಿಂಗಳಿಗೆ ಯಾಕೆ ಕಡಿಮೆ ಎಂದು ದೊಡ್ಡವರೆಲ್ಲ ಕೂತು ಸರಿಮಾಡಿದರಂತೆ. ನಾನು ಇಂಪನ, ನಿಮಗೆ ಇನ್ನೂ ಹುಟ್ಟದ ಮೊಮ್ಮಗಳ ಮೊಮ್ಮಗಳು. ನಮ್ಮಲ್ಲಿ ಸ್ಫೂರ್ತಿ, ಸಿಂಚನ, ರಕ್ಷಿತಾ ಎಂದರೆ ಹಳೆಯ ಅಜ್ಜಿಯರ ಹೆಸರು, ಕೇಳಿದರೆ ಕಿವಿಯಲ್ಲಿ ಊರುಗೋಲು ಕುಟ್ಟಿದ ಹಾಗಾಗುತ್ತದೆ. ಆದರೆ ಈ ಕಾಗದ ತಲುಪುವಾಗ ನಿಮಗೂ ನನ್ನದೇ ವಯಸ್ಸು, ನಿಮಗೂ ಆಗತಾನೇ ಮದುವೆ. ಆದ್ದರಿಂದ ಇನ್ನು ಮುಂದೆ ನೀನು ಎನ್ನುತ್ತೇನೆ. ಬೈದರೂ ನನಗೆ ಕೇಳಿಸುವುದಿಲ್ಲ.

ಕೆಲವು ಮಾತು ನಿನಗೆ ವಿಚಿತ್ರವಾಗಿ ಕಂಡರೆ ಕ್ಷಮಿಸು. ಅರ್ಧ ತಪ್ಪು ಕಾಲದ್ದು, ಅರ್ಧ ನನ್ನದು. ನಾನು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು, ಕನ್ನಡದಲ್ಲಿ ಬರೆಯಲು ಹೊರಟರೆ ನನ್ನ ವಾಕ್ಯ ಹತ್ತುವ ಸ್ಟೇಷನ್ ಒಂದು, ಇಳಿಯುವುದು ಇನ್ನೊಂದು. ಈ ಕಾಗದ ಬರುವುದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ, ಇಲ್ಲಿಯ ಸ್ಟೇಷನ್ನಿನಲ್ಲಿ ಅದಕ್ಕೊಂದು ಹಳದಿ ಡಬ್ಬಿ ಇದೆ. ಹಾಕಿದ ಕಾಗದ ಡಬ್ಬಿಯಲ್ಲಿ ಉಳಿಯುವುದಿಲ್ಲ, ಇಷ್ಟು ಮಾತ್ರ ಎಲ್ಲರಿಗೂ ಗೊತ್ತು. ತಲುಪಿತು ಎಂದು ಇದುವರೆಗೆ ಯಾರೂ ತಿರುಗಿ ಬರೆದಿಲ್ಲ. ಆದರೂ ನಮ್ಮಂಥ ರೋಗಿಗಳು ಮನೆತನದಲ್ಲಿ ಈ ಕಾಯಿಲೆ ಮೊದಲು ಬಂದವರಿಗೆ ಒಂದು ಕಾಗದ ಬರೆಯುವುದು ಪದ್ಧತಿ. ನನ್ನದನ್ನು ಆಮೇಲೆ, ಆಮೇಲೆ ಎಂದು ಮುಂದೂಡುತ್ತಾ ಬಂದೆ. ಈಗ ಭಯವಾಗಿ ಬರೆಯುತ್ತಿದ್ದೇನೆ.

ಹೌದು, ನಿನ್ನ ಕಾಯಿಲೆ ನನಗೂ ಇದೆ. ಒಡವೆಯ ಹಾಗೆ ತಾಯಿಯಿಂದ ಮಗಳ ಕೈಗೆ ನೇರವಾಗಿ ಬರುವಂಥದ್ದಲ್ಲ ಇದು. ಒಲವು ಮಾತ್ರ ಬರುತ್ತದೆ, ಕೆಲವರಲ್ಲಿ ಮಲಗಿಯೇ ಇರುತ್ತದೆ, ಕೆಲವರಲ್ಲಿ ಏಳುತ್ತದೆ. ನನ್ನಲ್ಲಿ ಕಾಲೇಜಿಗೆ ಸೇರಿದ ವರ್ಷ ಎದ್ದಿತು. ದೊಡ್ಡ ಕರುಳಿನ ಒಳಗೋಡೆ ಕೆಂಪಾಗಿ ಹುಣ್ಣಾಗುವುದು, ಹೊಟ್ಟೆ ಹಿಂಡಿ ಪಾಯಿಖಾನೆಗೆ ಓಡುವುದು, ಅಲ್ಲಿ ರಕ್ತ ಕಂಡು ಗೋಡೆ ಹಿಡಿದು ನಿಲ್ಲುವುದು, ಎಲ್ಲ ನಿನಗೆ ಗೊತ್ತಿರುವುದೇ. ಯಾವ ಊರಿಗೆ ಹೋದರೂ ಮೊದಲು ಪಾಯಿಖಾನೆ ಎಲ್ಲಿದೆ ಎಂದು ನೋಡಿಕೊಳ್ಳುವ ಅಭ್ಯಾಸ ನಿನ್ನಿಂದ ನನ್ನವರೆಗೆ ಬದಲಾಗದೆ ಬಂದಿದೆ.

ಬದಲಾದದ್ದು ಚಿಕಿತ್ಸೆ. ಅರಸೀಕೆರೆಯಲ್ಲಿ ನಿಮ್ಮ ಕಾಲದ ಒಂದು ಕೊಬ್ಬರಿ ಗೋದಾಮು ಈಗ ಕೋಶಸಾಲೆಯಾಗಿದೆ. ಜೀವಕೋಶಗಳನ್ನು ಸಾಕಿ ಬೆಳೆಸುವ ಜಾಗ ಅದು. ಇಷ್ಟು ವರ್ಷವಾದರೂ ಒಳಗೆ ಕಾಲಿಟ್ಟರೆ ಒಣಗಿದ ಕೊಬ್ಬರಿಯ ವಾಸನೆ ಬರುತ್ತದೆ. ಅಲ್ಲಿಯ ದಾದಿ ತಸ್ಲೀಮಾ ಅಕ್ಕ ನನ್ನ ತೋಳಿನಿಂದ ರಕ್ತ ತೆಗೆದುಕೊಳ್ಳುತ್ತಾ ಇಡೀ ವಿಷಯವನ್ನು ಮದುವೆಮನೆ ಮಾಡಿ ಹೇಳಿದರು.

"ನೋಡಮ್ಮ, ಮದುವೆಮನೆಯಲ್ಲಿ ಅಡುಗೆಯವರಿದ್ದಾರೆ, ವಾಲಗದವರಿದ್ದಾರೆ, ಪಟಾಕಿ ಹೊಡೆಯೋ ಹುಡುಗರಿದ್ದಾರೆ. ಸಾಕು ನಿಲ್ಲಿಸ್ರಪ್ಪ ಅನ್ನೋ ದೊಡ್ಡಮ್ಮ ಒಬ್ಬಳಿಲ್ಲ. ಏನಾಗುತ್ತೆ?"

"ಗಲಾಟೆ ಆಗುತ್ತೆ," ಎಂದೆ.

"ಚಪ್ಪರಕ್ಕೇ ಬೆಂಕಿ ಬೀಳುತ್ತೆ. ನಿನ್ನ ಹೊಟ್ಟೇಲಿ ಈಗ ಆಗ್ತಿರೋದು ಅದೇ."

ದೇಹದ ಕಾವಲಿಗೆ ಬಿಳಿ ರಕ್ತಕಣಗಳಿವೆಯಲ್ಲ, ಅವುಗಳಲ್ಲಿ ಹೊಡೆದಾಡುವ ಜಾತಿಯವನ್ನು ನಾವು ಪೈಲ್ವಾನರು ಎನ್ನುತ್ತೇವೆ. ಹೊರಗಿನ ರೋಗಾಣು ಬಂದರೆ ಎತ್ತಿ ಒಗೆಯುವುದು ಅವರ ಕೆಲಸ. ಅವರನ್ನು ಹತೋಟಿಯಲ್ಲಿಡಲು ಇನ್ನೊಂದು ಜಾತಿಯಿದೆ. ನಿಮ್ಮ ಡಾಕ್ಟರು ಅವನ್ನು ನಿಯಂತ್ರಕ ಕೋಶ ಎನ್ನಬಹುದು, ನಮ್ಮಲ್ಲಿ ಮಗುವಿನಿಂದ ಮುದುಕರವರೆಗೆ ಎಲ್ಲರೂ ಸಾಕಮ್ಮ ಎನ್ನುತ್ತೇವೆ. ಸಾಕಮ್ಮ ಯಾರನ್ನೂ ಹೊಡೆಯುವುದಿಲ್ಲ. ಪೈಲ್ವಾನರ ನಡುವೆ ಹೋಗಿ ಕೂರುತ್ತಾಳೆ, ಅವರನ್ನು ಕೊಬ್ಬಿಸುವ ಆಹಾರವನ್ನು ತಾನೇ ತಿಂದು ಮುಗಿಸುತ್ತಾಳೆ, ಶಾಂತವಾಗಿರಿ ಎಂಬ ಸಂದೇಶವನ್ನು ಸುತ್ತಲೂ ಹರಡುತ್ತಾಳೆ. ಕರುಳಿನಲ್ಲಿ ಇವಳು ತುಂಬಾ ಬೇಕು, ಏಕೆಂದರೆ ಅಲ್ಲಿ ಊಟದ ಜೊತೆ ದಿನವೂ ಪರಕೀಯರು ಬರುತ್ತಾರೆ, ಒಳ್ಳೆಯ ಸೂಕ್ಷ್ಮಾಣುಗಳು ಕೋಟಿಗಟ್ಟಲೆ ಒಕ್ಕಲಿರುತ್ತವೆ. ಎಲ್ಲರ ಮೇಲೂ ಕೈಮಾಡಿದರೆ ಮನೆ ಉಳಿಯುವುದಿಲ್ಲ. ನಮ್ಮಂಥವರಲ್ಲಿ ಒಂದೋ ಸಾಕಮ್ಮಗಳು ಸಾಲುವುದಿಲ್ಲ, ಇಲ್ಲವೇ ಅವರ ಮಾತನ್ನು ಪೈಲ್ವಾನರು ಕೇಳುವುದಿಲ್ಲ.

ಕೋಶಸಾಲೆಯವರು ನನ್ನ ರಕ್ತದಿಂದಲೇ ನನ್ನ ಸಾಕಮ್ಮಗಳನ್ನು ಆರಿಸಿ, ಬೆಚ್ಚಗೆ ಇಟ್ಟು, ದೊಡ್ಡ ಸಂಸಾರವಾಗುವಷ್ಟು ಬೆಳೆಸಿದರು. ಕರುಳಿನ ದಾರಿ ಅವಕ್ಕೆ ಗೊತ್ತಾಗಲೆಂದು ಕ್ಯಾರೆಟ್ಟಿನಿಂದ ದೇಹಕ್ಕೆ ಸಿಗುವ ಸತ್ವವನ್ನೇ ಉಣಿಸಿದರು. ಎರಡು ಚೀಲ ತುಂಬಿದವು. ಒಂದನ್ನು ಕಳೆದ ಮಳೆಗಾಲದಲ್ಲಿ ನನ್ನ ರಕ್ತನಾಳಕ್ಕೆ ಬಿಟ್ಟರು, ಇನ್ನೊಂದು ಅಲ್ಲಿಯೇ ತಣ್ಣಗೆ ಹೆಪ್ಪುಗಟ್ಟಿ ಕೂತಿದೆ. ಅಜ್ಜಿ, ಆ ನಾಲ್ಕೈದು ತಿಂಗಳ ಸುಖವನ್ನು ನಿನಗೆ ಹೇಗೆ ಹೇಳಲಿ? ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಸಿನಿಮಾದ ಮಧ್ಯೆ ಏಳದೆ ಪೂರ್ತಿ ನೋಡಿದೆ. ಚನ್ನು ಹೆಣ್ಣು ನೋಡಲು ಬಂದಾಗ ಮೊದಲ ಮಾತಿನಲ್ಲೇ ಕಾಯಿಲೆಯ ವಿಷಯ ಹೇಳಿದೆ. ಅವನು, "ನಿಮ್ಮ ಸಾಕಮ್ಮಗೋಳಿಗೆ ನನ್ನ ನಮಸ್ಕಾರ ಹೇಳ್ರಿ. ಲಗ್ನಕ್ಕ ಅವರನ್ನೂ ಕರೀಬೇಕಲ್ಲಾ?" ಎಂದ. ಆ ಕ್ಷಣವೇ ನಾನು ಒಪ್ಪಿಬಿಟ್ಟೆ, ಮನೆಯವರಿಗೆ ಆಮೇಲೆ ಹೇಳಿದೆ.

ಮದುವೆಗೆ ಮುಂಚೆ ತಸ್ಲೀಮಾ ಅಕ್ಕ ಒಂದು ಮಾತು ಹೇಳಿದ್ದರು. "ಹೊಸದಾಗಿ ಕೂತಿರೋರು ಇವರು. ಸದ್ಯಕ್ಕೆ ದೊಡ್ಡ ಗಲಾಟೆ ಆಗದ ಹಾಗೆ ನೋಡ್ಕೋ. ಗಲಾಟೆ ಮಿತಿ ಮೀರಿದ್ರೆ ಕೆಲವು ಸಾಕಮ್ಮಗಳು ತಮ್ಮ ಹೆಸರೇ ಮರೆತುಬಿಡ್ತಾರೆ. ಕೋಲು ಹಿಡಿದು ಪೈಲ್ವಾನರ ಜೊತೆ ಸೇರ್ಕೋತಾರೆ." ನಗುತ್ತಲೇ ಹೇಳಿದರು, ಕಣ್ಣು ಮಾತ್ರ ನಗಲಿಲ್ಲ. ಬೆಂಕಿ ಆರಿಸಲು ಕಳಿಸಿದವರೇ ಸೀಮೆಎಣ್ಣೆ ಸುರಿದರೆ ಹೇಗೋ ಹಾಗೆ.

ಈಗ ಹುಬ್ಬಳ್ಳಿಯ ಹೊಸ್ತಿಲ ನೀರಿನ ವಿಷಯ ಹೇಳಬೇಕು. ನಿನ್ನ ಕಾಲ ಕಳೆದು ಎಷ್ಟೋ ವರ್ಷಕ್ಕೆ ಈ ಕಡೆ ಒಂದರ ಹಿಂದೆ ಒಂದು ಕೆಟ್ಟ ಜ್ವರಗಳು ಬಂದು ಮನೆಮನೆಯಲ್ಲೂ ಸಾವಾಯಿತಂತೆ. ಅಂದಿನಿಂದ ಪ್ರತಿ ಮನೆಯ ಬಾಗಿಲ ಬಳಿ ಒಂದು ಗಡಿಗೆ ಇರುತ್ತದೆ. ಜೋಳದ ಅಂಬಲಿಯನ್ನು ಹುಳಿ ಬರಿಸಿ, ಅದರಲ್ಲಿ ಸತ್ತ ರೋಗಾಣುಗಳ ಸಿಪ್ಪೆ ಬೆರೆಸಿಟ್ಟ ನೀರು. ಕುಡಿದರೆ ಮೈಯೊಳಗಿನ ಪೈಲ್ವಾನರು ಎದ್ದು ತೊಡೆ ತಟ್ಟುತ್ತಾರೆ, ಜ್ವರ ಹತ್ತಿರ ಸುಳಿಯುವುದಿಲ್ಲ ಎಂದು ನಂಬಿಕೆ. ಯಾರೇ ಬರಲಿ, ಈ ನೀರು ಕುಡಿಯದೆ ಒಳಗೆ ಹೋಗುವಂತಿಲ್ಲ. ಬೇಡ ಎಂದರೆ ನಿಮ್ಮ ಮನೆಗೆ ಸಾವು ಬರಲಿ ಎಂದಷ್ಟೇ ಅರ್ಥ. ಗಡಿಗೆಯ ಹುಳಿ ಅತ್ತೆಯಿಂದ ಸೊಸೆಗೆ ಬರುತ್ತದೆ. ನಮ್ಮ ಅತ್ತೆ ನೀಲಗಂಗವ್ವನವರ ಗಡಿಗೆಗೆ ಇಡೀ ಓಣಿಯಲ್ಲಿ ಹೆಸರು, ನೆರೆಯವರು ಹುಳಿ ಕೇಳಿಕೊಂಡು ಬರುತ್ತಾರೆ.

ಮದುವೆ ಮುಗಿಸಿ ಬಂದು ಹೊಸ್ತಿಲ ಮೇಲಿನ ಅಕ್ಕಿಯ ಸೇರು ಒದ್ದೆ. ಅತ್ತೆ ಎರಡೂ ಕೈಯಲ್ಲಿ ಲೋಟ ಹಿಡಿದು ನಿಂತಿದ್ದರು, ಅವರ ಕಣ್ಣು ತುಂಬಿತ್ತು. ಹಿಂದೆ ಚನ್ನು, ಪಕ್ಕದಲ್ಲಿ ಮಾವ, ಬಾಗಿಲ ತುಂಬಾ ಓಣಿಯ ಹೆಂಗಸರು. ಒಂದೇ ಒಂದು ಲೋಟ, ಏನಾಗುತ್ತದೆ ಎಂದುಕೊಂಡು ಕುಡಿದೆ. ಚನ್ನುಗೆ ಕಾಯಿಲೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಆದರೆ ಕಾಯಿಲೆ ಎಂದರೆ ಅಶಕ್ತಿ, ಅಶಕ್ತಿಗೆ ಮದ್ದು ಶಕ್ತಿ ಎಂದೇ ಅವರಿಬ್ಬರೂ ತಿಳಿದಿದ್ದರು. ನನ್ನ ಕಾಯಿಲೆಯಲ್ಲಿ ಶಕ್ತಿಯೇ ಹೆಚ್ಚಾಗಿದೆ, ಅದು ತಿರುಗಿ ನನ್ನ ಮೇಲೇ ಬಿದ್ದಿದೆ ಎಂದು ನಾನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಲೋಟ ಬಂತು. ಅದರ ಮರುದಿನವೂ ಬಂತು. ಸೊಸೆ ಸಣ್ಣಗಿದ್ದಾಳೆಂದು ಅತ್ತೆ ಗಡಿಗೆಯ ತಳದ ಗಟ್ಟಿ ಭಾಗವನ್ನೇ ಕಲಕಿ ಕೊಡತೊಡಗಿದರು. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಹೇಗೆ ಬೇಡ ಎನ್ನಲಿ? ಹೊಸ ಸೀರೆ, ಹೊಸ ಮನೆ, ಎಲ್ಲರೂ ಇಂಪನಾ ಇಂಪನಾ ಎನ್ನುತ್ತಿದ್ದರು. ನಾನು ಹಿಗ್ಗಿನಲ್ಲಿ ತೇಲುತ್ತಾ ಬೆಂಕಿಯನ್ನೇ ಕುಡಿಯುತ್ತಿದ್ದೆ.

ಕಳೆದ ವಾರ ಹೊಟ್ಟೆ ಹಿಂಡಿತು. ಮದುವೆ ಊಟ ಜಾಸ್ತಿಯಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ರಕ್ತ ಕಂಡಿತು. ಗೋಡೆ ಹಿಡಿದು ನಿಂತೆ, ಗೋಡೆ ಹೊಸದು, ಬಣ್ಣ ಹೊಸದು, ನಿಂತ ರೀತಿ ಮಾತ್ರ ಹಳೆಯದು. ಅಜ್ಜಿ, ನೋವಿಗೆ ನಾನು ಹೆದರಲಿಲ್ಲ, ಅದರ ಪರಿಚಯ ನನಗಿದೆ. ನನ್ನ ಸಾಕಮ್ಮಗಳು ಒಳಗೆ ಏನು ಮಾಡುತ್ತಿದ್ದಾರೆ ಎಂಬುದಕ್ಕೆ ಹೆದರಿದೆ. ಇನ್ನೂ ಸಾಕು ಸಾಕು ಎನ್ನುತ್ತಾ ಸುಸ್ತಾಗುತ್ತಿದ್ದಾರೆಯೇ, ಇಲ್ಲಾ ಹೆಸರು ಮರೆತು ಕೋಲು ಎತ್ತಿಕೊಂಡಿದ್ದಾರೆಯೇ? ಹೊರಗಿನಿಂದ ಎರಡೂ ಒಂದೇ ಥರ ನೋಯುತ್ತದೆ. ಹೊಟ್ಟೆಯ ಮೇಲೆ ಕೈಯಿಟ್ಟು, ನೀವು ಯಾರ ಕಡೆಯವರು ಎಂದು ಕೇಳುತ್ತಾ ಕೂತಿರುತ್ತಿದ್ದೆ. ಚನ್ನು ಕೋಣೆಯೊಳಗೆ ಬಂದರೆ ತಕ್ಷಣ ನಗುತ್ತಿದ್ದೆ.

ನಿನ್ನೆ ಅಡುಗೆಮನೆಯಲ್ಲಿ ಅತ್ತೆ ಮತ್ತೆ ಲೋಟ ಹಿಡಿದು ಬಂದರು.

"ಯಾಕವಾ, ಮಾರಿ ಯಾಕ ಬಾಡೇತಿ? ತಗೋ, ಇವತ್ತ ಎರಡು ಲೋಟ ಕುಡಿ."

"ಬೇಡ ಅತ್ತೆ."

"ಬ್ಯಾಡ ಅಂದ್ರ? ನಮ್ಮನಿ ನೀರು ಕುಡದು ಯಾರೂ ಹಾಸಿಗಿ ಹಿಡದಿಲ್ಲ. ನಿಮ್ಮ ಮಾವನ್ನ ನೋಡು, ಈ ವಯಸ್ಸಿನ್ಯಾಗೂ ಎತ್ತಿನಂಗ ಅದಾರ. ಬುದ್ಧೀನೂ ಹಂಗಽ ಐತಿ, ಆ ಮಾತು ಬ್ಯಾರೆ."

ನಗಬೇಕಾಗಿತ್ತು, ಅಳು ಬಂತು. ಒಲೆಯ ಮುಂದೆ ಕೂತು ಎಲ್ಲ ಹೇಳಿದೆ. "ಅತ್ತೆ, ನನ್ನ ಹೊಟ್ಟೆಯಲ್ಲಿ ಪೈಲ್ವಾನರಿಗೆ ಕೊರತೆ ಇಲ್ಲ, ಸಾಕು ಅನ್ನೋರಿಗೆ ಕೊರತೆ. ಈ ನೀರು ಪೈಲ್ವಾನರನ್ನ ಎಬ್ಬಿಸುತ್ತೆ. ರಕ್ತ ಹೋಗ್ತಾ ಇದೆ."

ಅವರು ಲೋಟವನ್ನು ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟರು. "ಅಂದ್ರ, ದಿನಾ ಮುಂಜಾನೆ ನಾನಽ ನಿನ್ನ ಹೊಟ್ಟಿಗೆ ಬೆಂಕಿ ಹಚ್ಚೇನಿ?"

"ನಿಮಗೆ ಗೊತ್ತಿರಲಿಲ್ಲ ಅತ್ತೆ."

"ನಿನಗ ಗೊತ್ತಿತ್ತಲ್ಲ. ಯಾಕ ಕುಡದಿ?"

"ಹೊಸ್ತಿಲಲ್ಲಿ ನಿಂತು ಬೇಡ ಅನ್ನೋಕಾಗಲಿಲ್ಲ. ಹೊಸ್ತಿಲು ಏನಂದುಕೊಳ್ಳುತ್ತೆ ಅಂತ."

"ಹೊಸ್ತಿಲಿಗೇನು ಬಾಯಿ ಐತೇನ ಹುಚ್ಚಿ? ನನಗ ಐತಿ. ನನ್ನ ಕೇಳಬೇಕಿತ್ತು."

ಆಮೇಲೆ ಅವರು ತಮ್ಮ ಅತ್ತೆಯಿಂದ ಬಂದ ಆ ಗಡಿಗೆಯನ್ನು ಸೊಂಟದ ಮೇಲೆ ಹೊತ್ತು ಪಕ್ಕದ ಮನೆಗೆ ಹೋಗಿ ಇಟ್ಟು ಬಂದರು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಏನಾತ್ರೀ ಎಂದು ಯಾರೋ ಕೇಳಿದ್ದಕ್ಕೆ, "ನಮ್ಮ ಸೊಸಿ ಮೈಯಾಗ ಭಾಳ ಶಕ್ತಿ ಐತ್ರೀ, ತಡೀವಲ್ದು," ಎಂದರು. ತಿರುಗಿ ಬಂದು ಖಾಲಿ ಜಾಗವನ್ನು ಒರೆಸುವಾಗ ಮಾತ್ರ ನನ್ನ ಕಡೆ ನೋಡಲಿಲ್ಲ.

ಚನ್ನುಗೆ ಹೇಳಿದಾಗ ಅವನ ಎಡಗೆನ್ನೆಯ ಗುಳಿ ಎಲ್ಲಿ ಹೋಯಿತೋ. ತುಂಬಾ ಹೊತ್ತು ನನ್ನ ಕೈ ಹಿಡಿದು ಕೂತ. ಕಡೆಗೆ, "ಹೆಸರು ಮರತಿದ್ರ ನೆನಪ ಮಾಡಿಕೊಟ್ರಾತು," ಎಂದ. ಅಷ್ಟು ಸುಲಭವಲ್ಲ ಎಂದು ಅವನಿಗೂ ಗೊತ್ತು. ತಸ್ಲೀಮಾ ಅಕ್ಕನ ಜೊತೆ ಮಾತಾಡಿದೆವು. ಬರಲೇಬೇಕು ಎಂದರು. ಮೊದಲು ಮಾತ್ರೆ ಕೊಟ್ಟು ಬೆಂಕಿ ತಗ್ಗಿಸುತ್ತಾರಂತೆ, ಆಮೇಲೆ ಒಳಗೆ ಕ್ಯಾಮೆರಾ ಬಿಟ್ಟು ಕರುಳಿನ ಒಂದು ಚೂರು ತೆಗೆದು ಸಾಕಮ್ಮಗಳು ಯಾರ ಕಡೆ ಇದ್ದಾರೆ ಎಂದು ನೋಡುತ್ತಾರಂತೆ. ಮರೆತವರೇ ಹೆಚ್ಚಾಗಿದ್ದರೆ ಉಳಿದಿರುವುದು ಆ ಇನ್ನೊಂದು ಚೀಲ ಮಾತ್ರ. ಉರಿಯುವ ಚಪ್ಪರಕ್ಕೆ ಆ ಚೀಲದ ಸಾಕಮ್ಮಗಳನ್ನು ಬಿಟ್ಟರೆ ಅವರೂ ಮರೆಯಬಹುದು. ಹಾಗೆಂದು ಬಿಡದೆ ಇದ್ದರೆ ಕರುಳೇ ಉಳಿಯದೆ ಹೋಗಬಹುದು. "ಹೆದರಬೇಡ ಅಂತ ನಾನು ಹೇಳಲ್ಲಮ್ಮ," ಎಂದರು ಅಕ್ಕ. "ಹೆದರ್ಕೊಂಡೇ ಬಾ. ಆದ್ರೆ ಬಾ."

ಆ ಮಾತ್ರೆ ಯಾವುದು ಗೊತ್ತೇ ಅಜ್ಜಿ? ನೀನು ನುಂಗುವುದೇ. ಇಷ್ಟು ಕಾಲವಾದರೂ ಅದನ್ನು ಬಿಟ್ಟಿಲ್ಲ ನಾವು. ಕೋಶಸಾಲೆಯ ಕಪಾಟಿನಲ್ಲಿ ಅದು ಇವತ್ತಿಗೂ ಇದೆ.

ಇನ್ನು ನಿನ್ನ ವಿಷಯ. ನಮ್ಮ ಮನೆಯಲ್ಲಿ ನಿನ್ನ ಕತೆಯನ್ನು ಹೆಣ್ಣುಮಕ್ಕಳಿಗೆಲ್ಲ ಹೇಳುತ್ತಾರೆ. ಮದುವೆಯಾಗಿ ದಾವಣಗೆರೆಯ ಅತ್ತೆಮನೆಗೆ ಹೊರಟ ದಿನ, ಅಲ್ಲಿಯವರು ನೋಡಿದರೆ ಏನಂದುಕೊಳ್ಳುತ್ತಾರೋ ಎಂದು ನೀನು ಮಾತ್ರೆಯ ಡಬ್ಬಿಯನ್ನು ಅರಸೀಕೆರೆಯ ಮನೆಯ ಕನ್ನಡಿ ಹಿಂದೆ ಇಟ್ಟು ರೈಲು ಹತ್ತಿದೆ. ಹೊಟ್ಟೆಯೂ ಸುಮ್ಮನಿತ್ತು, ವಾಸಿಯಾಗಿದೆ ಎಂದುಕೊಂಡೆ. ಸುಮ್ಮನಿದ್ದದ್ದು ಮಾತ್ರೆಯಿಂದ. ಅಲ್ಲಿ ಸೊಸೆ ಸೊರಗಿದ್ದಾಳೆಂದು ಇಮ್ಯುನಿಟಿ ಹೆಚ್ಚಿಸುವ ಕಷಾಯ ಕುಡಿಸಿದರು. ನಿನ್ನ ಅತ್ತೆಯೂ ಒಳ್ಳೆಯವರೇ ಇರಬೇಕು. ಆ ವರ್ಷ ಮುಗಿಯುವುದರೊಳಗೆ ನಿನ್ನ ದೊಡ್ಡ ಕರುಳನ್ನು ತೆಗೆದುಹಾಕಿ, ಮಲ ಸೇರಲು ಹೊಟ್ಟೆಯ ಹೊರಗೆ ಚೀಲ ಹಾಕಬೇಕಾಯಿತು. ನೀನು ಸಾಯಲಿಲ್ಲ, ಆ ಚೀಲದ ಜೊತೆಗೇ ಬದುಕಿದೆ, ಮಗಳನ್ನು ಹೆತ್ತೆ, ಚೆನ್ನಾಗಿ ಬಾಳಿದೆ. ಅದಕ್ಕೇ ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ. ಆದರೆ ಆ ಮೊದಲ ವರ್ಷದ ಬಗ್ಗೆ ನೀನು ಮಗಳ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಮಾತಾಡಲಿಲ್ಲವಂತೆ.

ಮಾತ್ರೆ ಬಿಡದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎಂದು ಆಣೆಯಿಟ್ಟು ಹೇಳಲಾರೆ. ಈ ಕಾಯಿಲೆ ಅಷ್ಟು ಸಭ್ಯವಲ್ಲ. ಸಾಕಮ್ಮಗಳನ್ನು ಬೆಳೆಸಿ ಬಿಡುವ ಪ್ರಯತ್ನ ನಿನ್ನ ಕಾಲದಲ್ಲಿ ಆಗಷ್ಟೇ ಕಣ್ಣು ಬಿಡುತ್ತಿದೆ, ಅದಕ್ಕಾಗಿ ನೀನು ಕಾಯುವಂತಿಲ್ಲ. ನಿನ್ನ ಕೈಯಲ್ಲಿರುವುದು ಆ ಡಬ್ಬಿ, ಆಮೇಲೆ ನಿನ್ನ ಬಾಯಿ. ಎರಡನ್ನೂ ಅತ್ತೆಮನೆಗೆ ತೆಗೆದುಕೊಂಡು ಹೋಗು. ಕಷಾಯದ ಲೋಟ ಬಂದರೆ ಒಲೆಯ ಮುಂದೆ ಕೂತು ಹೇಳು. ಅಳು ಬಂದರೆ ಅಳುತ್ತಲೇ ಹೇಳು. ಹೊಸ್ತಿಲಿಗೆ ಬಾಯಿಲ್ಲ ಅಜ್ಜಿ, ಇದನ್ನು ತಿಳಿಯಲು ನನಗೆ ಇಷ್ಟು ರಕ್ತ ಬೇಕಾಯಿತು.

ನೀನು ಕೇಳಿದರೆ ನನ್ನ ಕತೆ ಬದಲಾಗಬಹುದೇ, ನಾನೇ ಇಲ್ಲವಾಗಬಹುದೇ ಎಂದು ಚನ್ನುವನ್ನು ಕೇಳಿದೆ. "ಹಂಗೇನಾರ ಆದ್ರ ನಾನೂ ಹಿಂದಂಚೆ ಡಬ್ಬಿಗೆ ಬೀಳ್ತೀನಿ," ಎಂದ. ಅದೊಂದು ಭಯ ಉಳಿದ ಭಯಗಳ ಜೊತೆ ಇರಲಿ. ಕಾಗದವನ್ನಂತೂ ಹಾಕುತ್ತೇನೆ.

ನೀನು ರೈಲು ಹತ್ತಿದ್ದು ಮಾರ್ಚ್ ಹತ್ತರಂದು, ಮನೆಯಲ್ಲಿ ಎಲ್ಲರಿಗೂ ಆ ತಾರೀಖು ಬಾಯಿಪಾಠ. ತಸ್ಲೀಮಾ ಅಕ್ಕ ನನಗೆ ಬರಹೇಳಿದ್ದೂ ಅದೇ ದಿನ, ನಾನು ಕೇಳಿ ಪಡೆದದ್ದಲ್ಲ. ಅಲ್ಲಿಯವರೆಗೆ ನುಂಗಲು ಮಾತ್ರೆ ಕಳಿಸಿಕೊಟ್ಟಿದ್ದಾರೆ. ಅತ್ತೆ ಈಗಲೇ ಬುತ್ತಿಯ ಯೋಚನೆಯಲ್ಲಿದ್ದಾರೆ, ಹುಳಿಯಿಲ್ಲದ್ದು, ಖಾರವಿಲ್ಲದ್ದು, ಮೆತ್ತಗಿನದು. ಚನ್ನು ನನ್ನ ಕೈ ಬಿಡುವುದಿಲ್ಲ ಎಂದಿದ್ದಾನೆ, ಟಿಕೆಟ್ ತೋರಿಸುವಾಗಲೂ. ನೀನು ಅಂದು ಗಾಡಿ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಒಂದು ನಿಮಿಷ ಕೂತು ಬ್ಯಾಗು ತೆಗೆದು ನೋಡು. ಡಬ್ಬಿ ಇಲ್ಲದಿದ್ದರೆ ಮನೆಗೆ ಓಡಿ ತಾ, ಗಾಡಿ ತಪ್ಪಿದರೆ ತಪ್ಪಲಿ. ಆ ಬೆಂಚು ಇನ್ನೂ ಇದೆ, ಇಳಿದ ಕೂಡಲೇ ನಾನೂ ಅದರ ಮೇಲೆ ಕೂರುತ್ತೇನೆ. ನಿನ್ನ ಪಕ್ಕ ನನಗೆ ಸ್ವಲ್ಪ ಜಾಗ ಬಿಟ್ಟಿರು. ಮಾರ್ಚ್ ಹತ್ತು, ಬುಧವಾರ, ಬೆಳಿಗ್ಗೆಯ ಬೆಣ್ಣಿಹಳ್ಳ ಪ್ಯಾಸೆಂಜರ್‌ನಲ್ಲಿ ಅರಸೀಕೆರೆಗೆ ಬರುತ್ತೇನೆ.

ನಿನ್ನ,
ಇಂಪನ